ನಿಂಬೆಹೋಳಿನ ಮೇಲೆ ಕೆಂಪು ಕಾರು

ಅಪ್ಪ ಬಾಯಿ ಬಿಗಿಹಿಡಿದು ಅನ್ನಕ್ಕೆ ಮುಖ ತಿರುಗಿಸಲು ಶುರುಮಾಡಿದ ವಾರವೇ ನಾನು ಅಟ್ಟದಿಂದ ಕಾರನ್ನು ಇಳಿಸಿದೆ. ಆಟಿಕೆ ಕಾರು, ರಿಮೋಟಿನದು. ಅಪ್ಪ ಹಾಸಿಗೆ ಹಿಡಿದಿರುವಾಗ ಮೂವತ್ತು ದಾಟಿದ ಮಗಳು ಆಟಿಕೆ ಬಿಚ್ಚಿಕೊಂಡು ಕೂತರೆ ನೆಂಟರು ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು. ಅನ್ನಲಿ. ಬಂದವರೆಲ್ಲ ಕಾಫಿ ಕುಡಿದು, ಲೊಚಗುಟ್ಟಿ ಹೋದರೇ ಹೊರತು ಅಪ್ಪನಿಗೆ ಒಂದು ತುತ್ತು ತಿನ್ನಿಸಿದವರಿಲ್ಲ.

ಅಪ್ಪ, ಕೃಷ್ಣಸ್ವಾಮಿ, ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ನಾನು ಚಿಕ್ಕವಳಿದ್ದಾಗ ಟ್ರೈನಿಂಗಿಗೆಂದು ಜಪಾನಿಗೆ ಹೋಗಿದ್ದರು. ಜೊತೆಯವರೆಲ್ಲ ಟೇಪ್ ರೆಕಾರ್ಡರ್ ತಂದರೆ ಇವರು ಕೆಂಪು ಕಾರು ತಂದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಅಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅದನ್ನು ಅವರು ಓಡಿಸುತ್ತಿದ್ದುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಮಾತ್ರ. ಕ್ವಾರ್ಟರ್ಸ್ ರಸ್ತೆಯಲ್ಲಿ ಸ್ಕೂಟರು, ಸೈಕಲ್ಲುಗಳೆಲ್ಲ ನಿಂಬೆಹಣ್ಣು ತುಳಿದು ಮುಂದೆ ಹೋದ ಮೇಲೆ ಕೊನೆಗೆ ಈ ಕಾರು. ಪುಟ್ಟ ಚಕ್ರಕ್ಕೆ ಇಡೀ ಹಣ್ಣು ಹೆಚ್ಚಾಯಿತೆಂದು ಅಮ್ಮ ಹೋಳು ಇಡುತ್ತಿದ್ದಳು. ಜನ ಚಪ್ಪಾಳೆ ತಟ್ಟಿದರೆ ಅಪ್ಪನ ಮುಖ ಅರಳುತ್ತಿತ್ತು. ಸಿ.ವಿ. ರಾಮನ್ ನಗರದಲ್ಲಿ ಸ್ವಂತ ಮನೆ ಕಟ್ಟಿ ಬಂದ ಮೇಲೂ ಈ ಪದ್ಧತಿ ತಪ್ಪಲಿಲ್ಲ. ಹೋದ ವರ್ಷ ಮಾತ್ರ ಕಾರು ಅಲ್ಲಾಡಲಿಲ್ಲ. ಅಪ್ಪ ತಟ್ಟಿ ನೋಡಿದರು, ಕುಟ್ಟಿ ನೋಡಿದರು, ಕೊನೆಗೆ ಅಟ್ಟಕ್ಕೆ ಹಾಕಿದರು. ಯುಗಾದಿ ಕಳೆಯುತ್ತಿದ್ದಂತೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು.

“ಹೋದ ವರ್ಷ ಗಾಡಿ ಜಗ್ಗಲಿಲ್ಲ ನೋಡು, ಅವತ್ತೇ ನನ್ನೆದೆ ಧಸಕ್ ಅಂತು,” ಎಂದಳು ಅಮ್ಮ.

“ಸುಮ್ನಿರಮ್ಮ. ಬಿಪಿ ಮಾತ್ರೆ ಬಿಟ್ಟಿದ್ದಕ್ಕೆ ಬಂದಿದ್ದು, ಕಾರಿಂದಲ್ಲ,” ಎಂದು ರೇಗಿದೆ.

ರೇಗುತ್ತಲೇ ಕಾರಿನ ತಳದ ಸ್ಕ್ರೂ ಬಿಚ್ಚುತ್ತಿದ್ದೆ. ಕಾರು ಓಡಿದರೆ ಅಪ್ಪ ಬಾಯಿ ತೆರೆಯುತ್ತಾರೆಂದು ನಂಬಿ ಕೂತವಳು ನಾನು. ಅಮ್ಮನಿಗಿಂತ ನಾನೇನು ಮಹಾ ಬುದ್ಧಿವಂತೆ? “ನುಂಗೋಕೆ ಏನೂ ತೊಂದ್ರೆ ಇಲ್ಲ, ಅವರಿಗೇ ಇಷ್ಟ ಇಲ್ಲ. ಆಯುಧಪೂಜೆಯೊಳಗೆ ತಿನ್ನಲಿಲ್ಲ ಅಂದ್ರೆ ಮೂಗಲ್ಲಿ ಪೈಪ್ ಹಾಕ್ಬೇಕಾಗುತ್ತೆ,” ಎಂದಿದ್ದರು ಡಾಕ್ಟರು. ಪೈಪನ್ನು ಅಪ್ಪ ಕಿತ್ತೆಸೆಯುತ್ತಾರೆ. ಆಗ ಕೈಯನ್ನು ಮಂಚಕ್ಕೆ ಕಟ್ಟುತ್ತಾರೆ. ಆಸ್ಪತ್ರೆಯಲ್ಲಿ ಒಮ್ಮೆ ಹಾಗೆ ಕಟ್ಟಿದ್ದನ್ನು ನೋಡಿದ್ದೆ. ಇನ್ನೊಮ್ಮೆ ನೋಡುವುದು ನನ್ನಿಂದಾಗದ ಮಾತು.

ಗರುಡಾಚಾರ್‌ಪಾಳ್ಯದ ಯುಪಿಎಸ್ ಕಾರ್ಖಾನೆಯೊಂದರಲ್ಲಿ ಕೆಟ್ಟ ಬೋರ್ಡುಗಳನ್ನು ಸರಿಮಾಡುವುದು ನನ್ನ ಕೆಲಸ. ಈ ಕಾರು ಯಾವ ಲೆಕ್ಕ ಎಂದುಕೊಂಡಿದ್ದೆ. ತಳ ತೆಗೆದಾಗ ಜಂಬ ಇಳಿಯಿತು. ಗೇರಿನ ಹಲ್ಲುಗಳ ಸಂದಿಯಲ್ಲೆಲ್ಲ ಕುಂಕುಮ. ಮೋಟಾರಿನ ಸುತ್ತ ಗಂಧ ಒಣಗಿ ಗಟ್ಟಿ ಕಟ್ಟಿತ್ತು. ನಿಂಬೆರಸ ಇಳಿದಲ್ಲೆಲ್ಲ ತಂತಿ ಹಸಿರುಗಟ್ಟಿ, ಮುಟ್ಟಿದರೆ ತುಂಡಾಗುತ್ತಿತ್ತು. ವರ್ಷವರ್ಷವೂ ಅಮ್ಮ ಕಾರನ್ನು ನಲ್ಲಿಯ ಕೆಳಗೆ ಹಿಡಿದು ಮಡಿಯಾಗಿ ತೊಳೆದು, ಸ್ಕೂಟರಿಗೆ ಹಚ್ಚಿದಷ್ಟೇ ಧಾರಾಳವಾಗಿ ಇದಕ್ಕೂ ಗಂಧ, ಕುಂಕುಮ ಹಚ್ಚಿದ್ದಳು.

“ನೀನೇ ಕಣಮ್ಮ ಇದನ್ನ ಹಾಳ್ಮಾಡಿದ್ದು!” ಬಾಯಿಂದ ಬಂದೇಬಿಟ್ಟಿತು.

ಅಮ್ಮ ಒಂದು ಗೇರನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. “ಪೂಜೆ ಮಾಡಿದ್ದಕ್ಕೆ ಹಾಳಾಯ್ತಾ?” ಎಂದಳು. ಆಮೇಲೆ ಒಳಗೆ ಹೋಗಿ ಅಪ್ಪನ ಕಾಲ ಬಳಿ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಕಾರು ಕೆಟ್ಟಿದ್ದು ತನ್ನಿಂದ, ಕಾರು ಕೆಟ್ಟಿದ್ದಕ್ಕೆ ಗಂಡ ಬಿದ್ದರು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ನನ್ನ ನಾಲಗೆಗೆ ಬರೆ ಹಾಕಬೇಕು. ಈಗ ಕಾರು ಓಡದಿದ್ದರೆ ನಾನು ಕಳೆದುಕೊಳ್ಳುವುದು ಅಪ್ಪನೊಬ್ಬರನ್ನೇ ಅಲ್ಲ ಎನಿಸಿತು.

ಮೋಟಾರು ಸುಟ್ಟಿತ್ತು. ರಜೆ ಹಾಕಿ ಶಿವಾಜಿನಗರದ ಗುಜರಿ ಅಂಗಡಿಗಳನ್ನೆಲ್ಲ ಅಲೆದೆ. “ಇಷ್ಟ್ ಹಳೇದಾ? ಬಿಸಾಕಿ ಮೇಡಂ, ಹೊಸ್ದು ತಗೊಳ್ಳಿ,” ಎಂದವರೇ ಎಲ್ಲರೂ. ಬಿಸಿಲಿಗೆ ತಲೆ ಸುತ್ತಿ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತೇಬಿಟ್ಟೆ. ಮುರಿದ ಆಟಿಕೆಗಳ ರಾಶಿಯ ಹಿಂದಿದ್ದ ಹೆಂಗಸು ನೀರು ಕೊಟ್ಟಳು. ಜಹನಾರಾ ಎಂದು ಪಕ್ಕದವರು ಕೂಗಿದ್ದರಿಂದ ಹೆಸರು ತಿಳಿಯಿತು. ನನ್ನ ಕೈಯಲ್ಲಿದ್ದ ಮೋಟಾರು ನೋಡಿ, ರಾಶಿ ಕೆದಕಿ, ಚಕ್ರ ಕಳಚಿದ ಜೀಪೊಂದನ್ನು ಎಳೆದಳು.

“ಮಗೂಗಾ?”

“ಅಪ್ಪಂಗೆ. ತುಂಬಾ ಹುಷಾರಿಲ್ಲ.”

“ಅಲ್ಲಾ ರಹಂ ಕರೇ,” ಎಂದು ಜೀಪನ್ನು ನನ್ನ ಮಡಿಲಲ್ಲಿಟ್ಟಳು. “ಮೋಟರ್ ಚೆನ್ನಾಗೈತೆ. ತಗೊಂಡ್ಹೋಗಮ್ಮ.”

ಆ ಮೋಟಾರು ಕೂರಲು ಜಾಗವನ್ನು ಅರದಿಂದ ಉಜ್ಜಿದೆ, ಹೊಸ ತಂತಿ ಬೆಸೆದೆ, ಗೇರುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ತಿಕ್ಕಿದಷ್ಟೂ ಕೆಂಪು ನೀರು. ಕೊನೆಗೂ ಸೆಲ್ಲು ಹಾಕಿ ಓಡಿಸಿ ನೋಡೋಣವೆಂದರೆ ಅಮ್ಮ ಅಡ್ಡ ಬಂದಳು.

“ನಿಂಬೆಹಣ್ಣು ತುಳಿಯೋ ಮುಂಚೆ ಚಕ್ರ ನೆಲಕ್ಕೆ ಮುಟ್ಟಿಸ್ಬೇಡ ಕಣೇ. ಈ ಸಲ ಏನೂ ಹೆಚ್ಚುಕಮ್ಮಿ ಆಗೋದು ಬೇಡ.”

ಡಬ್ಬಿಯ ಮೇಲೆ ಕಾರನ್ನು ಎತ್ತಿಟ್ಟು ಪರೀಕ್ಷಿಸಿದೆ. ಚಕ್ರ ಗಾಳಿಯಲ್ಲಿ ಗಿರ್ರನೆ ತಿರುಗಿತು. ನಾನು ಕುಣಿದಾಡುವುದೊಂದು ಬಾಕಿ. ಇನ್ನೂ ಒಂದು ಅದೃಷ್ಟವಿತ್ತು: ಕಾರನ್ನು ಮುಂದಕ್ಕೆ ಓಡಿಸುವ ಕಡ್ಡಿ ರಿಮೋಟಿನ ಎಡಗಡೆಗಿತ್ತು, ಅಪ್ಪನ ಎಡಗೈ ಗಟ್ಟಿಯಾಗಿತ್ತು. ಹಿಂದಿನ ದಿನವಷ್ಟೇ ಗಂಜಿಯ ಲೋಟವನ್ನು ಅದೇ ಕೈಯಿಂದ ಗೋಡೆಗೆ ಬೀಸಿದ್ದರು.

ಹಬ್ಬದ ಬೆಳಿಗ್ಗೆ ಅಪ್ಪನಿಗೆ ದಿಂಬು ಕೊಟ್ಟು ಕೂರಿಸಿದೆವು. ಅಮ್ಮ ಕಾರಿಗೆ ಒಂದು ಸೇವಂತಿಗೆ ಹೂ ಮಾತ್ರ ಇಟ್ಟಳು. ಅಭ್ಯಾಸಬಲದಿಂದ ಕುಂಕುಮದ ಬಟ್ಟಲಿಗೆ ಹೋದ ಕೈಯನ್ನು ತಾನೇ ಹಿಂದಕ್ಕೆಳೆದುಕೊಂಡಳು. ಚಕ್ರದ ಮುಂದೆ ನಿಂಬೆಹೋಳು ಇಟ್ಟು, ಪಾಯಸದ ಬಟ್ಟಲು ಹಿಡಿದು ನಿಂತಳು.

“ರೀ, ಓಡ್ಸಿ. ನಿಮ್ ಮಗಳು ಸರಿ ಮಾಡಿದ್ದಾಳೆ ನೋಡಿ.”

ರಿಮೋಟನ್ನು ಅಪ್ಪನ ತೊಡೆಯ ಮೇಲಿಟ್ಟು ಹೆಬ್ಬೆರಳನ್ನು ಕಡ್ಡಿಯ ಮೇಲೆ ಕೂರಿಸಿದೆ. ಅಪ್ಪ ಕಾರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೆರಳು ಅಲುಗಲಿಲ್ಲ. ಅಮ್ಮ ಕಾಯುತ್ತಲೇ ಇದ್ದಳು.

ಶಕ್ತಿಯಿಲ್ಲದೆ ಅಲ್ಲ, ಬೇಡವೆಂದೇ ಅಪ್ಪ ಒತ್ತುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಗೊತ್ತಾದದ್ದೇ ಮೈಯೆಲ್ಲ ಉರಿಯಿತು. ಇಷ್ಟು ಮಾಡಿದರೂ ಬೇಡವೇ? ಅಮ್ಮನ ಮುಖ ಕಾಣಿಸದೇ ನಿಮಗೆ? ರಿಮೋಟು ಜಾರದಂತೆ ಹಿಡಿಯುವವಳ ಹಾಗೆ ಅಪ್ಪನ ಕೈ ಮುಚ್ಚಿ ಹಿಡಿದು, ಅವರ ಹೆಬ್ಬೆರಳ ಮೇಲೆ ನನ್ನ ಹೆಬ್ಬೆರಳಿಟ್ಟು ಒತ್ತಿದೆ.

ಕಾರು ನೆಗೆದು, ಹೋಳನ್ನು ಪಿಚಕ್ಕನೆ ತುಳಿದು, ಹೊಸ್ತಿಲಿಗೆ ಬಡಿದು ನಿಂತಿತು.

“ಓಡಿಸಿದ್ರು! ಪ್ರಿಯಾ, ಓಡಿಸಿದ್ರು ಕಣೇ ನಿಮ್ಮಪ್ಪ!” ಅಮ್ಮ ಅಳುತ್ತಲೇ ನಗುತ್ತ ಚಮಚ ತುಂಬಿ ಅಪ್ಪನ ತುಟಿಗೆ ತಂದಳು. ಅಪ್ಪ ಆ ಮುಖವನ್ನೇ ನೋಡುತ್ತ ಕೂತರು. ಆಮೇಲೆ ಬಾಯಿ ತೆರೆದರು.

ನುಂಗಿದರು. ನುಂಗುವಾಗ ಅವರ ಕಣ್ಣು ನನ್ನ ಮೇಲಿತ್ತು. ಅಲ್ಲಿ ಸಂತೋಷವಿರಲಿಲ್ಲ, ಕೋಪವೂ ಇರಲಿಲ್ಲ. ನನ್ನನ್ನು ಇನ್ನೆಷ್ಟು ದಿನ ಹೀಗೆ ಹಿಡಿದಿಡುತ್ತೀಯ ಎಂದು ಕಣ್ಣಲ್ಲೇ ಕೇಳುತ್ತಿದ್ದರು. ನಾನು ಬೇರೆ ಕಡೆ ನೋಡಿದೆ.

ಅಮ್ಮ ಓಡಿಹೋಗಿ ಕಾರನ್ನು ಎತ್ತಿ ತಂದು ಮಂಚದ ಮುಂದಿಟ್ಟಳು. “ಇನ್ನೊಂದ್ಸಲ ರೀ. ಇನ್ನೊಂದೇ ಒಂದ್ಸಲ ಓಡ್ಸಿ,” ಎನ್ನುತ್ತ ಮತ್ತೆ ಚಮಚ ತುಂಬಿದಳು.

ಅಪ್ಪನ ಹೆಬ್ಬೆರಳು ನನ್ನ ಬೆರಳ ಕೆಳಗೆ ಸುಮ್ಮನೆ ಬಿದ್ದಿತ್ತು. ನಾನು ಒತ್ತಿದೆ.