ಚೀಲದ ಮೇಲಿನ ಮೊಳೆಗಳು

ಮೊಳೆ ಮಾಡುವ ಯಂತ್ರವನ್ನು ಕೆಟೂರಾ ಸಿವಿಟರ್ ಮೊದಲ ಸಲ ಕಣ್ಣಾರೆ ಕಂಡದ್ದು ಒಂದು ಸೋಮವಾರ. ಸೋಮವಾರ ಓಲ್ಡ್ ಹಿಲ್ ಊರಿನ ಮೊಳೆಗಾರರು ಯಾರೂ ಸುತ್ತಿಗೆ ಮುಟ್ಟುವುದಿಲ್ಲ. ಗಂಡಸರು ಬಿಯರಿನ ಅಂಗಡಿಯಲ್ಲಿ, ಹೆಂಗಸರು ಬಟ್ಟೆ ಒಗೆಯುವ ತೊಟ್ಟಿಯ ಮುಂದೆ. ಯಂತ್ರಕ್ಕೆ ಮಾತ್ರ ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ಆರು ವಾರದಿಂದ ಮೊಳೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಗಳು ಟೇಮರ್ ಅಂದು ಬುತ್ತಿ ಮರೆತು ಹೋಗಿದ್ದಳು. ಬ್ರೆಡ್ಡು, ತಣ್ಣಗಿನ ಹಂದಿಕೊಬ್ಬು ಕಟ್ಟಿದ ಗಂಟು ಹಿಡಿದು ಕೆಟೂರಾ ಕಾರ್ಖಾನೆಯ ಬಾಗಿಲು ದಾಟಿದಳು. ದಾಟಿದ್ದೇ ತಡ, ಶಾಲಿನ ತುದಿಯಿಂದ ಮೂಗು ಮುಚ್ಚಿಕೊಂಡಳು.

ನಾತವೆಂದರೆ ಅಂಥಿಂಥ ನಾತವಲ್ಲ. ಅಚ್ಚುಗಳಿಗೆ ಬಳಿದ ಪ್ರಾಣಿಕೊಬ್ಬು ಹಳಸಿ, ಕಾದು ಕರಗಿ ತೊಟ್ಟಿಕ್ಕಿ, ನೆಲದ ಕಬ್ಬಿಣದ ಪುಡಿಯೊಂದಿಗೆ ಬೆರೆತು ಕರಿ ಲೋಳೆಯಾಗಿತ್ತು. ಕಾಲಿಟ್ಟಲ್ಲೆಲ್ಲ ಪಚಕ್ ಎನ್ನುತ್ತಿತ್ತು. ಹದಿನೈದಿಪ್ಪತ್ತು ಹುಡುಗಿಯರು ಸಾಲಾಗಿ ಯಂತ್ರಗಳ ಮುಂದೆ ಕೂತಿದ್ದರು, ಎಲ್ಲರ ಮುಖಕ್ಕೂ ಒಂದೇ ಜಿಡ್ಡು. ಕುಲುಮೆಯ ಮಸಿ ಕೆಟೂರಾಳಿಗೆ ಹೊಸದಲ್ಲ, ಮೂವತ್ತು ವರ್ಷ ಕೈಯಿಂದ ಮೊಳೆ ಬಡಿಯುತ್ತ ಅದನ್ನೇ ಉಸಿರಾಡಿದವಳು. ಆದರೆ ಮಸಿ ಒಣಗಿದ್ದು, ತಟ್ಟಿದರೆ ಉದುರುತ್ತದೆ. ಇದು ಅಂಟುವಂಥದ್ದು.

ಟೇಮರ್ ಕೈಯಲ್ಲಿ ಉದ್ದನೆಯ ಇಕ್ಕಳ, ಇಕ್ಕಳದ ಬಾಯಲ್ಲಿ ಮೂರು ಬೆರಳಗಲದ ಕಬ್ಬಿಣದ ಪಟ್ಟಿ. ಪಟ್ಟಿಯ ತುದಿಯನ್ನು ಯಂತ್ರದ ಬಾಯಿಗೆ ಕೊಟ್ಟಳು. ಓರೆಯಾಗಿ ಕೂರಿಸಿದ ದಪ್ಪ ಅಲಗು ಮೇಲಿನಿಂದ ಇಳಿದು ಪಟ್ಟಿಯ ಅಂಚಿನಿಂದ ಒಂದು ಸೀಳು ಕತ್ತರಿಸಿತು. ಒಂದು ತುದಿ ಅಗಲ, ಇನ್ನೊಂದು ಚೂಪು. ಸೀಳು ಕೆಳಗೆ ಬೀಳುವ ಮುಂಚೆಯೇ ಎರಡು ದವಡೆಗಳು ಅದರ ಕುತ್ತಿಗೆ ಹಿಡಿದವು. ಪಕ್ಕದಿಂದ ಒಂದು ಗುದ್ದು ಬಂದು ಅಗಲದ ತುದಿಯನ್ನು ಜಜ್ಜಿ ಚಪ್ಪಟೆ ತಲೆ ಮಾಡಿತು. ದವಡೆ ಬಿಟ್ಟಿತು, ಮೊಳೆ ಬುಟ್ಟಿಗೆ ಬಿತ್ತು. ಅಷ್ಟರಲ್ಲಿ ಟೇಮರ್ ಪಟ್ಟಿಯನ್ನು ಮಗುಚಿ ಮತ್ತೆ ಕೊಟ್ಟಾಗಿತ್ತು. ಅಗಿ, ಉಗುಳು, ಅಗಿ, ಉಗುಳು. ಹಲ್ಲಿಲ್ಲದ ಮುದುಕ ಎಲುಬು ಚೀಪುವುದನ್ನು ನೋಡಿದ ಹಾಗಾಯಿತು ಕೆಟೂರಾಳಿಗೆ.

"ನೋಡವ್ವ, ಹೀಗೊಂದ್ಸಲ ಹಾಗೊಂದ್ಸಲ. ಹೆಂಚಿನ ಮೇಲೆ ರೊಟ್ಟಿ ಮಗುಚಿದ ಹಾಗೆ!" ಟೇಮರ್ ಕೂಗಿದಳು. ಆ ಗದ್ದಲದಲ್ಲಿ ಕೂಗದೆ ವಿಧಿಯಿರಲಿಲ್ಲ.

"ಮಗುಚದಿದ್ರೆ ಏನಾಗತ್ತೆ?"

"ಮಗುಚದಿದ್ರೆ ಎರಡೂ ಕಡೆ ಒಂದೇ ಅಗಲ, ಮೊನೆಯೇ ಬರಲ್ಲ. ಮೊದಲ್ನೇ ದಿನ ಅಂಥವೇ ಒಂದು ಬುಟ್ಟಿ ಮಾಡಿಟ್ಟಿದ್ದೆ. ಮೇಸ್ತ್ರಿ ಬೈದಿದ್ದು ಕೇಳಿದ್ರೆ ನೀನು ಕಿವಿ ಮುಚ್ಕೊಂಡು ಓಡ್ತಿದ್ದೆ. ಈಗ ನೋಡು, ನೀನು ಇಡೀ ದಿನ ಕುಟ್ಟೋದನ್ನ ನಾನು ಬುತ್ತಿ ಬಿಚ್ಚೋಕೆ ಮುಂಚೆ ಮುಗಿಸ್ತೀನಿ."

"ಮುಗಿಸ್ತೀಯ ಬಿಡು. ಸಗಣಿ ಹಾಕೋ ಹಸೂಗೂ ಎಷ್ಟು ಹೊತ್ತು ಬೇಕು?"

ಪಕ್ಕದ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಟೇಮರಳ ಮುಖ ಕೆಂಪಾಯಿತು. ಸಿಟ್ಟಿನಿಂದ ಬುಟ್ಟಿಗೆ ಕೈಹಾಕಿ ಒಂದು ಮೊಳೆ ತೆಗೆದು ತಾಯಿಯ ಅಂಗೈಗಿಟ್ಟಳು. ಅಲಗು ಕತ್ತರಿಸಿದ ಅಂಚಿನ ಉದ್ದಕ್ಕೂ ಸಣ್ಣ ಮುಳ್ಳಿನಂಥ ಗರಗಸ ಉಳಿದಿತ್ತು, ಬೆರಳಿಗೆ ತರಚಿತು. ಕೆಟೂರಾ ಅದನ್ನು ಕಿಟಕಿಯ ಪಕ್ಕದಲ್ಲಿದ್ದ, ಕಬ್ಬಿಣ ಬಿಗಿದು ಹಿಡಿಯುವ ಹಿಡಿಕಟ್ಟಿಗೆ ಸಿಕ್ಕಿಸಿ ಬಗ್ಗಿಸಿದಳು. ಟಕ್ಕೆಂದು ಎರಡು ತುಂಡಾಯಿತು. ಕಬ್ಬಿಣಕ್ಕೂ ಮರದ ಹಾಗೆ ನಾರು ಇರುತ್ತದೆ. ಕುಲುಮೆಯವರ ಸರಳಿನಲ್ಲಿ ನಾರು ಉದ್ದಕ್ಕೆ ಹರಿಯುತ್ತದೆ, ಅದರಿಂದ ಮಾಡಿದ ಮೊಳೆಯ ಮೊನೆ ಹಲಗೆ ದಾಟಿ ಆಚೆ ಬಂದರೆ ಅದನ್ನು ಹೇಗೆ ಬೇಕಾದರೂ ಮಡಿಸಿ ಬಡಿಯಬಹುದು. ಇಲ್ಲಿ ಪಟ್ಟಿಯನ್ನು ಅಡ್ಡಕ್ಕೆ ಸೀಳುವುದರಿಂದ ನಾರೂ ಅಡ್ಡ.

"ಥೂ! ಇದನ್ನ ಮೊಳೆ ಅಂತಾರಾ? ಒಣ ಬ್ರೆಡ್ಡು ಮುರಿದ ಹಾಗೆ ಮುರೀತು!"

"ಗೋಡೆಗೆ, ಪೆಟ್ಟಿಗೆಗೆ ಇಷ್ಟು ಸಾಕವ್ವ. ಮಡಿಸಿ ಬಡಿಯೋರು ಇದನ್ನ ಯಾರು ಕೊಳ್ತಾರೆ? ನಿನ್ನ ಹೊಟ್ಟೆಯುರಿ ನಂಗೊತ್ತಿಲ್ವಾ?"

ಹೊಟ್ಟೆಯುರಿ ಇದ್ದದ್ದು ಸುಳ್ಳಲ್ಲ. ಆದರೂ ಮನೆಗೆ ಬಂದವಳು ಬೂಟುಗಳನ್ನು ಮೂರು ಸಲ ತಿಕ್ಕಿ ತೊಳೆದಳು. ಆ ಜಿಡ್ಡು ಪೂರ್ತಿ ಹೋಗಲಿಲ್ಲ.

ಆ ವಾರದ ನಡುವೆ ದಲ್ಲಾಳಿ ಜೇಬೆಜ್ ರೇಬೋಲ್ಡ್ ಬಂದ. ಸರಳು ತಂದುಕೊಡುವವನೂ ಅವನೇ, ಮೊಳೆ ಒಯ್ಯುವವನೂ ಅವನೇ. ಓಲ್ಡ್ ಹಿಲ್‌ನ ಅರ್ಧ ಬೀದಿಯ ಕುಲುಮೆಗಳು ಉರಿಯುವುದೂ ಆರುವುದೂ ಅವನ ಮರ್ಜಿಯ ಮೇಲೆ. ಯಾವಾಗಲೂ ಅವಳ ಕುಲುಮೆಯ ಹೊಸ್ತಿಲಾಚೆಯೇ ನಿಂತು ಗದರುತ್ತಿದ್ದವನು ಅಂದು ಒಳಗೆ ಬಂದು, ತಿದಿಯ ಪಕ್ಕದ ಮುಕ್ಕಾಲಿಯ ಮೇಲೆ ಕೂತು, ಬೆಣ್ಣೆ ಹಚ್ಚತೊಡಗಿದ.

"ಕೆಟೂರಕ್ಕ, ಟಿಪ್ಟನ್ನಿನ ಟಿಮ್ಮಿನ್ಸ್ ದೋಣಿ ಕಟ್ಟುತ್ತಿದಾನೆ. ಮಡಿಸೋ ಮೊಳೆ ಬೇಕು. ಬೇರೆ ಯಾರದ್ದೂ ಬೇಡ, ನಿನ್ನ ಕೈದೇ ಆಗ್ಬೇಕಂತೆ. ಶನಿವಾರಕ್ಕೆ ಅರ್ಧ ಚೀಲ ಮಾಡಿಕೊಡು."

"ಇಡೀ ದೋಣಿಗೆ ಅರ್ಧ ಚೀಲ ಯಾವ ಮೂಲೆಗೆ?"

"ಉಳಿದದ್ದು ನಾನು ನೋಡ್ಕೋತೀನಿ. ನೀನು ತಲೆ ಚೆನ್ನಾಗಿ ಮಾಡು, ಅಷ್ಟೇ."

ತಲೆ ಎಂದರೆ ಕೆಟೂರಾಳಿಗೆ ಜೀವ. ಮೊಳೆಯ ತಲೆಗೆ ಎಲ್ಲರೂ ನಾಲ್ಕು ಏಟು ಹೊಡೆದು ನಾಲ್ಕು ಇಳಿಜಾರು ಮಾಡುತ್ತಾರೆ. ಇವಳು ಐದನೆಯದೊಂದು ಮೆಲ್ಲನೆಯ ಏಟು ನೆತ್ತಿಯ ಮೇಲಿಟ್ಟು ಗೋಧಿಕಾಳಿನಷ್ಟು ಚಪ್ಪಟೆ ಮಾಡುತ್ತಿದ್ದಳು. ಅವಳಮ್ಮ ಹಾಗೆ ಮಾಡುತ್ತಿದ್ದಳು, ಅವಳಜ್ಜಿಯೂ. ಕಾಲುವೆಯ ದೋಣಿಯವರಿಗೆ ಓದು ಬರುವುದಿಲ್ಲ, ಆದರೆ ಆ ತಲೆ ಕಂಡರೆ ಸಿವಿಟರ್ ಮನೆಯ ಮೊಳೆ ಎಂದು ಕಣ್ಣುಮುಚ್ಚಿ ಕೊಳ್ಳುತ್ತಿದ್ದರು. ಅವಳಿಗಿದ್ದ ಆಸ್ತಿ ಅದೊಂದೇ. ಮೂರು ದಿನ ಬೆನ್ನು ನೆಟ್ಟಗೆ ಮಾಡದೆ ಬಡಿದಳು. ಒಂದೊಂದನ್ನೂ ತಿರುಗಿಸಿ ನೋಡಿ, ಓರೆಯಾದದ್ದನ್ನು ಆಚೆ ಎಸೆದಳು. ಯಂತ್ರ ಕಂಡು ಬಂದ ಅಸಹ್ಯವನ್ನೆಲ್ಲ ಆ ಮೊಳೆಗಳ ಮೇಲೆ ತೀರಿಸಿಕೊಂಡಳೆಂದೇ ಹೇಳಬೇಕು. ಅಷ್ಟು ಒಳ್ಳೆಯ ಮೊಳೆ ಅವಳು ಹಿಂದೆಂದೂ ಮಾಡಿರಲಿಲ್ಲ.

ಶನಿವಾರ ರೇಬೋಲ್ಡ್ ಅವಳ ಅರ್ಧ ಚೀಲವನ್ನು ಹೊತ್ತು ಬೀದಿಗೆ ಹೋದ. ಅವಳು ಕೈತೊಳೆದು ಬರುವಷ್ಟರಲ್ಲಿ ಕತ್ತೆಗಾಡಿಯಲ್ಲಿ ಬಾಯಿಕಟ್ಟಿದ ನಾಲ್ಕು ತುಂಬಿದ ಚೀಲಗಳಿದ್ದವು.

"ಹತ್ತು ಹತ್ತು, ನೀನೂ ಬಾ. ದೋಣಿಯವನಿಗೆ ನಿನ್ನ ಮುಖ ತೋರಿಸ್ಬೇಕು" ಎಂದ.

ಗಾಡಿ ಬೆಟ್ಟ ಇಳಿಯುವಾಗ ಆಸರೆಗೆಂದು ಕೆಟೂರಾ ಒಂದು ಚೀಲ ಹಿಡಿದುಕೊಂಡಳು. ಗಂಟು ಸಡಿಲವಾಗಿತ್ತು. ಸುಮ್ಮನೆ ಕೈ ಒಳಗೆ ಬಿಟ್ಟಳು. ಮೇಲೆ ನಾಲ್ಕು ಬೆರಳಿನಷ್ಟು ಅವಳ ಮೊಳೆಗಳೇ. ಇನ್ನೂ ಕೆಳಗೆ ಹೋದ ಬೆರಳಿಗೆ ಸಣ್ಣ ಗರಗಸ ತರಚಿತು. ಕೈ ಆಚೆ ತೆಗೆದರೆ ಉಗುರಿನ ಸುತ್ತ ರಕ್ತ, ಜೊತೆಗೆ ಹಳಸಿದ ಕೊಬ್ಬಿನ ಅದೇ ಜಿಡ್ಡು. ಅವಳಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಕೊಳೆತ ಮಾಂಸದ ತಟ್ಟೆಯ ಮೇಲೆ ಹೊದಿಸುವ ಶುಭ್ರ ಬಟ್ಟೆಯನ್ನು ಮೂರು ದಿನ ಕೂತು ನೇಯ್ದುಕೊಟ್ಟಿದ್ದಳು.

"ರೇಬೋಲ್ಡ್, ಇದು ಕಾರ್ಖಾನೆ ಮಾಲು."

ಅವನು ಹಿಂದೆ ತಿರುಗಲೂ ಇಲ್ಲ. "ಚಳಿಗಾಲ ಬಂತು ಕೆಟೂರಕ್ಕ. ಈ ಸಲ ಎಲ್ಲರಿಗೂ ಸರಳು ಸಾಲಲ್ಲ. ಯಾರಿಗೆ ಕೊಡೋದು, ಯಾರಿಗೆ ಬಿಡೋದು ಅಂತ ಯೋಚಿಸ್ತಾ ಇದೀನಿ."

ಕೆಟೂರಾ ಚೀಲದ ಗಂಟನ್ನು ಮತ್ತೆ ಬಿಗಿದಳು. ಟಿಪ್ಟನ್ ಇನ್ನೂ ಅರ್ಧ ಗಂಟೆಯ ದಾರಿ. ಅಷ್ಟು ಹೊತ್ತೂ ಅವಳು ಆ ಚೀಲಗಳ ನಡುವೆ, ಬೆರಳನ್ನು ಲಂಗಕ್ಕೆ ಒರೆಸುತ್ತ ಕೂತಳು. ಇಳಿದು ನಡೆಯಬಹುದಿತ್ತು, ಇಳಿಯಲಿಲ್ಲ. ಗಂಡ ಸತ್ತ ವರ್ಷ ಆರಿದ ಕುಲುಮೆಯ ಮುಂದೆ ಕಳೆದಿದ್ದ ಚಳಿಗಾಲ ನೆನಪಿತ್ತು. ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು. ಟಿಮ್ಮಿನ್ಸ್ ಮರ್ಯಾದಸ್ಥ, ಅವನಿಗೆ ಮೆಲ್ಲಗೆ ಹೇಳಿಬಿಟ್ಟರೆ ಅವನೇ ಇವನನ್ನು ಓಡಿಸುತ್ತಾನೆ ಎಂದು ಸಮಾಧಾನ ಮಾಡಿಕೊಂಡಳು.

ಟಿಮ್ಮಿನ್ಸನ ದೋಣಿ ಕಟ್ಟುವ ಅಂಗಳದಲ್ಲಿ, ಕಾಲುವೆಯ ದಂಡೆಯ ಕಟ್ಟೆಯ ಮೇಲೆ ದೋಣಿ ನಿಂತಿತ್ತು. ಹಲಗೆಗಳನ್ನು ಹೊಂದಿಸಿ ಆಗಿತ್ತು, ಇನ್ನು ಮೊಳೆ ಬಡಿಯುವುದಷ್ಟೇ. ಅದು ಕೆಟೂರಾಳ ಪರಿಚಯದ ದೋಣಿಗಾರ ಏಸಾ ಟಾಂಕ್ಸನದು. ಹನ್ನೆರಡು ವರ್ಷ ಬೇರೆಯವರ ದೋಣಿಯಲ್ಲಿ ಕಲ್ಲಿದ್ದಲು ಸಾಗಿಸಿ ಈಗ ಸ್ವಂತದ್ದು ಕಟ್ಟಿಸುತ್ತಿದ್ದ. ಅವನು, ಹೆಂಡತಿ, ನಾಲ್ಕು ಮಕ್ಕಳು ಇನ್ನು ಮುಂದೆ ಉಣ್ಣುವುದು, ಮಲಗುವುದು ಎಲ್ಲ ಅದರ ಹಿಂಭಾಗದ ಕೋಣೆಯಲ್ಲೇ. ರೇಬೋಲ್ಡ್ ಚೀಲಗಳನ್ನು ಇಳಿಸುತ್ತಿದ್ದಾಗ ಕೆಟೂರಾ ಟಿಮ್ಮಿನ್ಸನನ್ನು ಪಕ್ಕಕ್ಕೆ ಕರೆದಳು.

"ಯಜಮಾನ್ರೇ, ಮೇಲಿರೋದಷ್ಟೇ ನಂದು. ಕೆಳಗಿರೋದನ್ನ ಮಡಿಸಿದ್ರೆ ಮುರಿಯತ್ತೆ. ತುಂಬಿದ ದೋಣಿ ಒಂದು ಸಲ ಕಾಲುವೆ ಗೋಡೆಗೆ ತಾಗಿದ್ರೆ ಸಾಕು, ಹಲಗೆ ಬಿಚ್ಚಿಕೊಳ್ಳತ್ತೆ."

ಟಿಮ್ಮಿನ್ಸ್ ಹಲ್ಲಿನ ಸಂದಿಯಿಂದ ಮಾಂಸದ ಚೂರೊಂದನ್ನು ಕಿತ್ತು ನೋಡಿ ಮತ್ತೆ ಬಾಯಿಗೆ ಹಾಕಿಕೊಂಡ. "ನಂಗೆ ಗೊತ್ತಿಲ್ದೇ ಇರತ್ತೇನಮ್ಮ? ಹೊಡೆದ ಮೇಲೆ ಡಾಂಬರು ಬಳೀತೀವಿ, ಏನೂ ಕಾಣಲ್ಲ. ಏಸಾ ಬಂದು ಮೇಲಿನ ಒಂದೆರಡನ್ನ ಬಗ್ಗಿಸಿ ನೋಡ್ತಾನೆ, ಖುಷಿಯಾಗಿ ಹೋಗ್ತಾನೆ. ನೀನು ಸುಮ್ನೆ ನಿಂತು ಒಂಚೂರು ನಗು, ಸಾಕು."

ಅವನೂ ರೇಬೋಲ್ಡನೂ ಹಲ್ಲು ಕಿರಿದರು. ಕಾರ್ಖಾನೆಯ ನಾತ ಇದರ ಮುಂದೆ ಏನೂ ಅಲ್ಲ ಅನ್ನಿಸಿತು ಕೆಟೂರಾಳಿಗೆ. ಆ ಯಂತ್ರ ಕೊಟ್ಟದ್ದನ್ನು ಕೊಟ್ಟ ಹಾಗೆ ಉಗುಳುತ್ತಿತ್ತು, ಪಾಪ, ಅದಕ್ಕೆ ಯಾರ ಕಣ್ಣಿಗೂ ಮಣ್ಣೆರಚಲು ಬರುತ್ತಿರಲಿಲ್ಲ.

ಅವಳು ಒಂದು ಚೀಲದ ಗಂಟು ಬಿಚ್ಚಿ ತನ್ನ ಮೊಳೆಗಳನ್ನು ಬಾಚಿ ಬಾಚಿ ಏಪ್ರನ್ನಿಗೆ ತುಂಬಿಕೊಂಡಳು.

"ಏಯ್, ಏನ್ಮಾಡ್ತಿದೀಯ? ಕಬ್ಬಿಣ ನಂದು!" ರೇಬೋಲ್ಡ್ ಕೂಗಿದ.

"ಕಬ್ಬಿಣ ನಿಂದೇ. ಆಮೇಲೆ ತೂಗಿ ನೋಡ್ಕೊ, ಚೂರೂ ಕಮ್ಮಿಯಾಗಲ್ಲ. ತಲೆ ನಂದು."

ಅಂಗಳದಲ್ಲಿದ್ದ ಕಬ್ಬಿಣದ ಅಡಿಗಲ್ಲಿನ ಮೇಲೆ ಒಂದು ಮೊಳೆಯನ್ನು ಅಡ್ಡ ಮಲಗಿಸಿ ಅಲ್ಲಿದ್ದ ಸುತ್ತಿಗೆ ಎತ್ತಿದಳು. ತಣ್ಣಗಿನ ಕಬ್ಬಿಣ ಸುಲಭಕ್ಕೆ ಮಣಿಯುವುದಿಲ್ಲ. ಮೂರು ಏಟು ಬೇಕಾಯಿತು. ನಾಲ್ಕು ಇಳಿಜಾರೂ ನೆತ್ತಿಯ ಚಪ್ಪಟೆಯೂ ಅಳಿಸಿ, ತಲೆ ಮೊಳೆಯೊಳಗೇ ಜಜ್ಜಿಹೋಯಿತು. ಎರಡನೆಯದು. ಮೂರನೆಯದು. ರೇಬೋಲ್ಡ್ ಅವಳ ತೋಳು ಹಿಡಿಯಲು ಬಂದ. ಮೇಲೆತ್ತಿದ ಸುತ್ತಿಗೆ ಕಂಡು ಹಿಂದೆ ಸರಿದ.

"ನಾಳೆಯಿಂದ ನಿಂಗೆ ಒಂದು ಸರಳೂ ಇಲ್ಲ. ಕುಲುಮೇಲಿ ಇಲಿ ಮರಿ ಹಾಕಲಿ!"

"ಹಾಕಲಿ. ಅವೂ ನಿನಗಿಂತ ಶುದ್ಧವಾಗಿರ್ತವೆ."

ಎರಡನೆಯ ಚೀಲಕ್ಕೆ ಕೈಹಾಕಿದಾಗ ಏಸಾ ಟಾಂಕ್ಸ್ ಬಂದ. ಹಿಂದೆ ಹೆಂಡತಿ, ಅವಳ ಸೊಂಟದಲ್ಲಿ ಒಂದು ಕೂಸು. ದೋಣಿ ನೋಡುವ ಸಡಗರಕ್ಕೆ ಇಬ್ಬರೂ ಚರ್ಚಿನ ಬಟ್ಟೆ ಹಾಕಿಕೊಂಡಿದ್ದರು. ಅಡಿಗಲ್ಲಿನ ಬುಡದ ರಾಶಿಯಿಂದ ಏಸಾ ಒಂದು ಮೊಳೆ ಎತ್ತಿಕೊಂಡ.

"ಕೆಟೂರತ್ತೆ! ಇದೇನಿದು, ಇದಕ್ಕೆ ತಲೆಯೇ ಇಲ್ವಲ್ಲ?"

"ಇದು ನಂದು. ಚೀಲದೊಳಗೆ ಇರೋದು ನಂದಲ್ಲ. ಕೈ ಹಾಕು. ಬುಡದ ತನಕ ಹಾಕು."

ಟಿಮ್ಮಿನ್ಸ್ ನಡುವೆ ಬಂದು ಏನೋ ಹೇಳಹೊರಟ. ಏಸಾ ಅವನನ್ನು ಪಕ್ಕಕ್ಕೆ ಸರಿಸಿ ಮೊಣಕೈವರೆಗೆ ಕೈ ಇಳಿಸಿದ. ತೆಗೆದ ಮೊಳೆಯನ್ನು ಅಡಿಗಲ್ಲಿನ ಅಂಚಿಗೆ ಒತ್ತಿ ಬಗ್ಗಿಸಿದ. ಟಕ್ಕೆಂದಿತು. ಇನ್ನೊಂದು ತೆಗೆದ, ಅದೂ ಹಾಗೇ. ಅವನ ಹೆಂಡತಿ ಕೂಸನ್ನು ಎದೆಗೊತ್ತಿಕೊಂಡು ದೋಣಿಯ ಕಡೆ ನೋಡಿದಳು. ಏಸಾ ತುಂಡುಗಳನ್ನು ಟಿಮ್ಮಿನ್ಸನ ಕಾಲ ಬಳಿ ಎಸೆದು, ದೋಣಿಗೆ ಬೇರೆ ಅಂಗಳ ಹುಡುಕಿಕೊಳ್ಳುತ್ತೇನೆಂದ. ಆಮೇಲೆ ಕೆಟೂರಾಳ ಕಡೆ ತಿರುಗಿದ. ಅವನು ಈಗ ಏನಾದರೂ ಒಳ್ಳೆಯ ಮಾತು ಆಡುತ್ತಾನೆಂದು ಅವಳು ಕಾದಳು, ಕಾದದ್ದು ಸುಳ್ಳಲ್ಲ.

"ಸೇತುವೆ ಮೇಲಿಂದ ನೋಡ್ತಾ ಇದ್ದೆ, ಅತ್ತೆ. ಇವನ ಗಾಡೀಲಿ, ಈ ಚೀಲಗಳ ಮಧ್ಯೆ ಕೂತ್ಕೊಂಡೇ ಬಂದ್ಯಲ್ಲ?"

ಏಸಾ ಕೈಗೆ ಹತ್ತಿದ ಜಿಡ್ಡನ್ನು ಮೂಸಿ ಮುಖ ಕಿವುಚಿದ, ಪ್ಯಾಂಟಿಗೆ ಒರೆಸಿಕೊಂಡ, ಹೆಂಡತಿಯನ್ನು ಕರೆದುಕೊಂಡು ಹೋದ. ರೇಬೋಲ್ಡ್, ಟಿಮ್ಮಿನ್ಸ್ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಕೆಟೂರಾ ಎರಡನೆಯ ಚೀಲದ ಮೇಲಿದ್ದ ತನ್ನ ಮೊಳೆಗಳನ್ನು ಏಪ್ರನ್ನಿಗೆ ಬಾಚಿಕೊಂಡು ಮತ್ತೆ ಅಡಿಗಲ್ಲಿನ ಮುಂದೆ ಬಂದಳು. ಇನ್ನೂ ಎರಡು ಚೀಲ ಉಳಿದಿದ್ದವು.