ಪ್ಲಾಸ್ಟಿಕ್ ತೆಗೆಯದ ಬೀರು

ಹನುಮಕ್ಕನ ಮನೆಗೆ ಯಾರೇ ಬರಲಿ, ಕುಡಿಯಲು ನೀರು ಕೊಡುವ ಮೊದಲು ಸೊಸೆಯ ಕೋಣೆ ತೋರಿಸಬೇಕು. ಅದು ಆ ಮನೆಯ ವಾಡಿಕೆ. ಕಳ್ಳಂಬೆಳ್ಳದ ಆ ಬೀದಿಯಲ್ಲಿ ಅಂಥ ಮಂಚ, ಅಂಥ ಬೀರು, ಅಂಥ ಕನ್ನಡಿ ಮೇಜು ಇನ್ನೊಬ್ಬರ ಮನೆಯಲ್ಲಿ ಇರಲಿಲ್ಲ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ, ಅದರ ಮೇಲೆ ಲ್ಯಾಮಿನೇಟ್ ಹಾಳೆ, ಮುಖ ಕಾಣುವಷ್ಟು ಹೊಳಪು. ಹೊಳಪಿನ ವಿಷಯವನ್ನು ನಂಬಬೇಕಷ್ಟೆ, ನೋಡಲು ಆಗುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಸುತ್ತಿದ್ದ ಪ್ಲಾಸ್ಟಿಕ್ಕು ಎರಡು ವರ್ಷದಿಂದ ಹಾಗೇ ಇತ್ತು. ಬೀರುವಿನ ಬಾಗಿಲು ತೆರೆಯುವಷ್ಟು ಮಾತ್ರ ಬ್ಲೇಡಿನಲ್ಲಿ ಸೀಳಿಕೊಂಡಿದ್ದರು.

ಆ ಸಾಮಾನಿನ ಜೊತೆಗೆ ಬಂದವಳು ಜ್ಯೋತಿಲಕ್ಷ್ಮಿ. ತೋವಿನಕೆರೆಯ ಅವಳ ಅಪ್ಪ ನಾಗಲಿಂಗಯ್ಯ ಮಗಳ ಮದುವೆಗೆಂದು ತುಮಕೂರಿನಲ್ಲಿ ಆರಿಸಿ ಟೆಂಪೋದಲ್ಲಿ ಕಳಿಸಿದ್ದರು. ನೆಂಟರು ನೋಡಲು ಬಂದಾಗಲೆಲ್ಲ ಜ್ಯೋತಿ ಮಂಚದ ಪಕ್ಕ ನಿಲ್ಲಬೇಕು. ಬೀರುವಿನ ಗುಣಗಾನ ಮುಗಿದ ಮೇಲೆ ಹನುಮಕ್ಕ ಅದೇ ಉಸಿರಿನಲ್ಲಿ ಸೊಸೆ ಬಿ.ಎಡ್ ಓದಿದ್ದಾಳೆ ಎನ್ನುವಳು. ಬಂದವರು ಬೀರುವನ್ನೂ ಸೊಸೆಯನ್ನೂ ಒಂದೇ ಸಲ ನೋಡಿ ತಲೆಯಾಡಿಸುವರು.

ಹನುಮಕ್ಕ ಕೆಟ್ಟವಳೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವಳು ಮದುವೆಯಾಗಿ ಬಂದಾಗ ತಂದದ್ದು ಒಂದೇ ಒಂದು ಮರದ ಪೆಟ್ಟಿಗೆ. ಗಂಡ ಸತ್ತ ವರ್ಷ ತೆರೆದು ನೋಡಿದರೆ ತಳದಿಂದ ಗೆದ್ದಲು ಹತ್ತಿ, ಧಾರೆ ಸೀರೆ ಮುಟ್ಟಿದಲ್ಲೆಲ್ಲ ಹಿಟ್ಟಾಗಿ ಉದುರಿತ್ತು. ಅಂದಿನಿಂದ ಅವಳಿಗೆ ಒಳ್ಳೆಯ ಸಾಮಾನೆಂದರೆ ಕಾಯಬೇಕಾದ್ದು, ಬಳಸುವಂಥದ್ದಲ್ಲ. ಶಿರಾ ಸೀಮೆಯಲ್ಲಿ ಶತ್ರುವೆಂದರೆ ಧೂಳು. ಹಾಗಾಗಿ ಕೋಣೆಯ ಕಿಟಕಿ ಮುಚ್ಚಿ, ಸಂದಿಗೆಲ್ಲ ಅಗಲದ ಟೇಪು ಅಂಟಿಸಿದ್ದಾಯಿತು. ತಲೆ ಸ್ನಾನ ಮಾಡಿ ಒಳಗೆ ಕೂದಲು ಬಿಚ್ಚುವಂತಿಲ್ಲ, ಒದ್ದೆ ಟವೆಲು ಹರವುವಂತಿಲ್ಲ, ನೀರಿನ ಲೋಟ ಇಡುವಂತಿಲ್ಲ. ಸೊಸೆಯ ಮೇಲೂ ಅದೇ ಅಕ್ಕರೆ. ಬಿಸಿಲಿಗೆ ಹೋಗಬೇಡ, ಬಸ್ಸಿನ ನೂಕುನುಗ್ಗಲು ಬೇಡ, ಹೊಸದು ಹೊಸದಾಗೇ ಇರಬೇಕು ಎನ್ನುವಳು. ಜ್ಯೋತಿಗೆ ಆ ಕೋಣೆಯಲ್ಲಿ ಮಲಗಿದರೆ ತನ್ನನ್ನೂ ಯಾರೋ ಸುತ್ತಿ ಇಟ್ಟ ಹಾಗೆ ಉಸಿರು ಕಟ್ಟುತ್ತಿತ್ತು.

ಗಂಡ ಚೇತನ್ ಕುಮಾರ್ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ತಂತಿ ಕೆಲಸದವನು, ಭಾನುವಾರ ಮಾತ್ರ ಮನೆಗೆ ಬರುವವನು. ತೌರಿಗೆ ಹೋದಾಗ ಜ್ಯೋತಿ ಮೇಷ್ಟರ ನೇಮಕಾತಿಯ ಪರೀಕ್ಷೆ ಬರೆದು ಬಂದಿದ್ದಳು. ಕೆಲಸ ಸಿಕ್ಕರೆ ಹೋಗುತ್ತೇನೆ ಎಂದು ಅತ್ತೆಗೆ ಒಂದು ಸಲ ಅಡುಗೆಮನೆಯಲ್ಲಿ ಹೇಳಿದಳು, ಇನ್ನೊಂದು ಸಲ ಗಂಡನ ಎದುರಿಗೇ ಹೇಳಿದಳು. ಎರಡು ಸಲವೂ ಹನುಮಕ್ಕ ಬೇಡವೆನ್ನಲಿಲ್ಲ. ನೋಡಾಣ ಬುಡು ಎಂದಳು. ಆ ಮನೆಯಲ್ಲಿ ನೋಡೋಣ ಎಂದರೆ ಕಿಟಕಿಗೆ ಇನ್ನೊಂದು ಸುತ್ತು ಟೇಪು ಎಂದು ಜ್ಯೋತಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಆ ವರ್ಷ ಕೆರೆ ತುಂಬಿ ಕೋಡಿ ಬಿತ್ತು. ಊರವರೆಲ್ಲ ಬಾಗಿನ ಕೊಟ್ಟು ಬಂದರು, ಹನುಮಕ್ಕನೂ ಮೊರ ಹಿಡಿದು ಹೋಗಿದ್ದಳು. ಅವರ ಮನೆ ಇದ್ದದ್ದು ಕೆರೆ ಏರಿಯ ಕೆಳಗೆ. ತಿಂಗಳೊಳಗೆ ಹಿತ್ತಲು ಜೌಗು ಹಿಡಿಯಿತು. ಕೋಣೆಯ ಹಿಂಗೋಡೆಯಲ್ಲಿ ನೆಲದಿಂದ ಶುರುವಾದ ಕಪ್ಪು ದಿನಕ್ಕಿಷ್ಟು ಮೇಲೇರುತ್ತ ಮಂಡಿಯ ಎತ್ತರ ದಾಟಿತು. ಹುಟ್ಟಿದಾಗಿನಿಂದ ಒಣ ಗೋಡೆ ನೋಡಿದ ಜನ, ಗೋಡೆಗೆ ಜ್ವರ ಬಂದಿದೆಯೇನೋ ಎಂಬಂತೆ ಮುಟ್ಟಿ ಮುಟ್ಟಿ ನೋಡಿದರು.

ವಾಸನೆ ಮೊದಲು ತಿಳಿದದ್ದು ಜ್ಯೋತಿಗೆ. ಪ್ಲಾಸ್ಟಿಕ್ಕಿನ ಒಳಗಡೆ ಬೆವರಿನ ಹಾಗೆ ಹನಿಗಟ್ಟಿತ್ತು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ತರೋಣ, ಕಾಲಿನ ಕೆಳಗೆ ಕಲ್ಲು ಕೊಡೋಣ, ಪ್ಲಾಸ್ಟಿಕ್ಕು ಕಿತ್ತು ಕಿಟಕಿ ತೆಗೆದು ಗಾಳಿಯಾಡಿಸೋಣ ಎಂದು ಅವಳು ಅತ್ತೆಗೆ ಹೇಳಿದಳು. ಹನುಮಕ್ಕನಿಗೆ ಇದು ತಲೆಕೆಟ್ಟ ಮಾತಾಗಿ ಕೇಳಿಸಿತು. ಮಳೆ ಬಂದರೆ ಮೂಟೆಗೆ ಟಾರ್ಪಾಲು ಹೊದಿಸುತ್ತಾರೋ ತೆಗೆಯುತ್ತಾರೋ ಎಂದು ಕೇಳಿದಳು. ವಾರ ಕಳೆದು ಜ್ಯೋತಿ ಮತ್ತೆ ಹೇಳಿದಳು. ಆಗ ಹನುಮಕ್ಕ ನಿಜವಾಗಿಯೇ ಗಾಬರಿಯಾಗಿ, ಶೇಂಗಾ ಮೂಟೆಗೆ ಹೊದಿಸುವ ನೀಲಿ ಟಾರ್ಪಾಲು ತಂದು, ಬೀರುವಿನ ತಲೆಯಿಂದ ಬೆನ್ನಿನವರೆಗೆ ಹೊದಿಸಿ, ಅಂಚನ್ನು ಒಂದಿಷ್ಟೂ ಗಾಳಿ ಹೋಗದಂತೆ ಗೋಡೆಗೆ ಒತ್ತಿ ಸಿಕ್ಕಿಸಿದಳು. ಫೋನಿನಲ್ಲಿ ಚೇತನ್ ಅವ್ವ ಹೇಳಿದ ಹಾಗೆ ಕೇಳು ಎಂದ. ಜ್ಯೋತಿ ಆಮೇಲೆ ಆ ಮಾತೆತ್ತಲಿಲ್ಲ.

ಮಂಗಳವಾರ ಪಟ್ಟಿ ಬಂತು. ಅದರಲ್ಲಿ ಅವಳ ಹೆಸರಿತ್ತು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮಧುಗಿರಿಯ ಕಚೇರಿಯಲ್ಲಿ ಮೂಲ ದಾಖಲೆಗಳನ್ನು ತೋರಿಸಬೇಕು, ತೋರಿಸದವರ ಹೆಸರು ಬಿಟ್ಟುಹೋಗುತ್ತದೆ. ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್‌ವರೆಗಿನ ಅಂಕಪಟ್ಟಿಯೆಲ್ಲ ಒಂದು ಫೈಲಿನಲ್ಲಿ, ಆ ಫೈಲು ಬೀರುವಿನ ಕೆಳಗಿನ ಖಾನೆಯಲ್ಲಿ, ಅವಳ ಧಾರೆ ಸೀರೆಯ ಮಡಿಕೆಯೊಳಗೆ ಇತ್ತು. ಅವಳು ಓಡಿಹೋಗಿ ಬೀಗ ತಿರುಗಿಸಿದಳು. ಬೀಗ ತಿರುಗಿತು, ಬಾಗಿಲು ಬರಲಿಲ್ಲ.

ಕೆಳಗಿನ ಹಲಗೆ ನೀರು ಕುಡಿದು ಉಬ್ಬಿ, ಎರಡೂ ಬಾಗಿಲನ್ನು ಚೌಕಟ್ಟಿಗೆ ಅದುಮಿ ಹಿಡಿದಿತ್ತು. ಕಾಲು ಕೊಟ್ಟು ಎಳೆದರೆ ಹಿಡಿಕೆ ಕೈಗೆ ಬಂತು. ಹನುಮಕ್ಕ ಅದನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು. ಶಿರಾದ ಬಡಗಿಯನ್ನು ಕೇಳಿದರೆ, ಭಾನುವಾರ ಬರುತ್ತೇನೆ, ಅಲ್ಲಿವರೆಗೆ ಜಬರ್‌ದಸ್ತಿ ಮಾಡಬೇಡಿ, ಪೂರಾ ಸೀಳಿಕೊಂಡು ಬರುತ್ತದೆ ಎಂದ. ಫೋನಿನಲ್ಲಿ ಚೇತನ್, ಇನ್ನೊಂದು ದಿನ ಕೊಡಿ ಎಂದು ಕಚೇರಿಯವರನ್ನು ಕೇಳಿನೋಡು ಎಂದ. ಜ್ಯೋತಿ ಬಾಗಿಲು ಒಡೆಯೋಣ ಎಂದಾಗ ಹನುಮಕ್ಕ ಬೀರುವಿಗೆ ಅಡ್ಡ ನಿಂತಳು. ಅಪ್ಪ ಕೊಟ್ಟ ಮರ್ಯಾದೆಯನ್ನು ಕೊಡಲಿಯಲ್ಲಿ ಒಡೆಯುತ್ತಾಳಂತೆ ಎಂದು ಬೀದಿಗೆಲ್ಲ ಕೇಳುವಂತೆ ಗೋಳಾಡಿದಳು. ಬುಧವಾರವಿಡೀ ಜ್ಯೋತಿ ಆ ಬಾಗಿಲ ಮುಂದೆ ಕೂತಿದ್ದಳು. ತನ್ನ ಹದಿನೇಳು ವರ್ಷದ ಓದು ಎರಡಡಿ ದೂರದಲ್ಲಿತ್ತು, ಕೈಗೆ ಸಿಗುತ್ತಿರಲಿಲ್ಲ. ಅಪ್ಪನ ಮೇಲೂ ಸಿಟ್ಟು ಬಂತು. ಇಷ್ಟು ದೊಡ್ಡ ಸಾಮಾನು ಕೊಟ್ಟು ನನ್ನನ್ನು ಇಷ್ಟು ಚಿಕ್ಕ ಜಾಗದಲ್ಲಿ ನಿಲ್ಲಿಸಿದನಲ್ಲ ಎಂದು ಅತ್ತಳು.

ಗುರುವಾರ ಬೆಳಿಗ್ಗೆ ಹನುಮಕ್ಕ ಡೈರಿಗೆ ಹಾಲು ಹಾಕಲು ಹೋದಳು. ಏಳೂ ಮುಕ್ಕಾಲಿಗೆ ಶಿರಾ ಬಸ್ಸು, ಅಲ್ಲಿಂದ ಮಧುಗಿರಿಗೆ ಇನ್ನೊಂದು. ಜ್ಯೋತಿ ಹಿತ್ತಲಿನಿಂದ ಹಾರೆ ತಂದಳು. ಬಾಗಿಲಿಗೆ ಹಾಕಲು ಹೋದವಳು, ಅದನ್ನು ಆರಿಸಿ ಕಳಿಸಿದ ಅಪ್ಪನ ಮುಖ ನೆನಪಾಗಿ ಹಾರೆ ಇಳಿಸಿದಳು. ಹಾಗಾದರೆ ಇಡೀ ಬೀರುವನ್ನೇ ಸ್ವಲ್ಪ ಈಚೆಗೆ ತರೋಣ, ಗಾಳಿಯಾದರೂ ಆಡಲಿ ಎಂದು ಹಾರೆಯನ್ನು ಗೋಡೆಯ ಸಂದಿಗೆ ಕೊಟ್ಟು ಮೀಟಿದಳು. ಒಂದು ಮೂಲೆ ಗೇಣು ಜರುಗಿತು. ಟಾರ್ಪಾಲು ಸರಿಸಿ, ಎಷ್ಟು ಒದ್ದೆಯಾಗಿದೆ ನೋಡಲು ಹಿಂದೆ ಕೈ ಹಾಕಿದಳು.

ಕೈ ನಿಲ್ಲಲೇ ಇಲ್ಲ. ಬೆನ್ನಿನ ಹಲಗೆ ನೆನೆದ ಹಿಂಡಿಯಂತೆ ಬೆರಳಿಗೆ ಬಂತು, ಇನ್ನಷ್ಟು ಒತ್ತಿದರೆ ಮೊಣಕೈವರೆಗೆ ಒಳಗೆ ಹೋಯಿತು. ಎರಡು ದಿನ ಎದುರಿನಿಂದ ಜಗ್ಗಿದರೂ ಬಾರದ ಬೀರುವಿಗೆ ಹಿಂದೆ ಬೆನ್ನೇ ಇರಲಿಲ್ಲ. ಅವಳು ಬುಟ್ಟಿಯಿಂದ ತೆಗೆದಂತೆ ಧಾರೆ ಸೀರೆಯನ್ನು ಎಳೆದಳು. ಸೀರೆಯ ಮೇಲಿನ ಮಡಿಕೆಗೆಲ್ಲ ಬೂಸ್ಟು ಹಿಡಿದಿತ್ತು. ಒಳಗಿನ ಫೈಲಿನಲ್ಲಿ ಕಾಗದಗಳು ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿದ್ದವು, ಆದರೆ ಅಕ್ಷರ ಓದಬಹುದಿತ್ತು, ಮೊಹರು ಕಾಣುತ್ತಿತ್ತು. ಅವಳು ನೆಲಕ್ಕೆ ಕೂತು ಒಂದೊಂದನ್ನೇ ಬಿಡಿಸಿದಳು.

ತಲೆಯೆತ್ತಿದರೆ ಖಾಲಿ ಕ್ಯಾನು ಹಿಡಿದು ಹನುಮಕ್ಕ ಬಾಗಿಲಲ್ಲಿದ್ದಳು. ಬೈಯುತ್ತಾಳೆಂದು ಜ್ಯೋತಿ ಕಾದಳು. ಹನುಮಕ್ಕ ಬಂದು ಬೀರುವಿನ ಹಿಂದೆ ಬಗ್ಗಿ, ತೂತಿನ ಅಂಚನ್ನು ಮುಟ್ಟಿದಳು. ಒಂದು ಹಿಡಿ ಒದ್ದೆ ಪುಡಿ ಅವಳ ಅಂಗೈಗೆ ಬಂತು. ಅದನ್ನು ಎಸೆಯದೆ ಬಹಳ ಹೊತ್ತು ನೋಡಿದಳು. ಹಳೆಯ ಪೆಟ್ಟಿಗೆಯ ನೆನಪಾಗಿರಬೇಕು, ಮುಖ ಸಣ್ಣಗಾಯಿತು.

"ನಿಂಗೆ ಗೊತ್ತಿತ್ತಲ್ಲಮ್ಮ ಇಂಗಾಯ್ತದೆ ಅಂತ," ಎಂದಳು. "ಯಾಕೆ ಯೋಳ್ಲಿಲ್ಲ?"

"ಎರಡು ಸಲ ಹೇಳಿದ್ದೆ ಅತ್ತೆ."

"ಮೂರ್ನೇ ಸಲ ಯೋಳ್ಬೇಕಿತ್ತು ಕಣಮ್ಮ. ಜಗಳ ಮಾಡ್ಬೇಕಿತ್ತು."

ಜ್ಯೋತಿ ಫೈಲು ಮುಚ್ಚಿ ಎದ್ದು ನಿಂತಳು.

"ಹಂಗಾದ್ರೆ ಕೆಲಸದ ಮಾತನ್ನ ಮೂರನೇ ಸಲ ಹೇಳ್ತೀನಿ ಅತ್ತೆ. ನಾನು ಮಧುಗಿರಿಗೆ ಹೋಗ್ತೀನಿ. ಕೆಲಸ ಕೊಟ್ರೆ ಪಾವಗಡದಷ್ಟು ದೂರ ಆದ್ರೂ ಹೋಗ್ತೀನಿ."

ಹನುಮಕ್ಕ ಹಿಡಿಯಲ್ಲಿದ್ದ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. ಬೀರುವಿನ ಎದುರಿಗೆ ಬಂದು ನಿಂತಳು. ಎದುರಿನಿಂದ ಅದು ನಿನ್ನೆಯ ಹಾಗೇ ಹೊಸದಾಗಿ ಇತ್ತು. ಇದನ್ನು ಮತ್ತೆ ಗೋಡೆಗೆ ತಳ್ಳು, ಬಂದವರಿಗೆ ತಿಳಿಯುವುದಿಲ್ಲ ಎನ್ನುತ್ತಾಳೆ ಎಂದೇ ಜ್ಯೋತಿ ಎಣಿಸಿದಳು. ಹನುಮಕ್ಕ ಹೋಗಿ ಕಿಟಕಿಯ ಟೇಪಿನ ತುದಿಗೆ ಉಗುರು ಹಾಕಿದಳು. ಎರಡು ವರ್ಷದ ಅಂಟು, ಬಣ್ಣದ ಸಮೇತ ಕಿತ್ತುಕೊಂಡು ಬರುತ್ತಿತ್ತು.

"ಬಸ್ಸು ಎಷ್ಟೊತ್ಗೆ?" ಎಂದು ಬೆನ್ನು ತಿರುಗಿಸಿಕೊಂಡೇ ಕೇಳಿದಳು.

ಶಿರಾ ಬಸ್ಸಿನಲ್ಲಿ ಜ್ಯೋತಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಸಂಜೆ ಅದೇ ಕೋಣೆಗೆ ವಾಪಸು ಬರಬೇಕು, ಭಾನುವಾರ ಗಂಡನ ಹತ್ತಿರ ಇದನ್ನೆಲ್ಲ ಮೊದಲಿನಿಂದ ಹೇಳಬೇಕು, ಅವನು ಏನೆನ್ನುತ್ತಾನೋ ಗೊತ್ತಿಲ್ಲ. ಅವಳು ಕಾಗದಗಳನ್ನು ತೊಡೆಯ ಮೇಲೆ ಹರವಿ, ಹಾರದಂತೆ ಎರಡೂ ಕೈಯಿಂದ ಒತ್ತಿ ಹಿಡಿದು, ಗಾಳಿಗೆ ಒಡ್ಡಿದಳು. ಪಕ್ಕದ ಹೆಂಗಸು ಧೂಳು ಬರುತ್ತಿದೆ, ಗಾಜು ಎಳೆದುಕೋ ಎಂದಳು. ಬರಲಿ ಬಿಡಿ, ಇವು ಒಣಗಬೇಕು ಎಂದಳು ಜ್ಯೋತಿ.