ನೀಲಿ ಮೂತಿಯ ನಾಯಿ

ನಮ್ಮ ಭಾವನಷ್ಟು ಬುದ್ಧಿವಂತ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಇದನ್ನು ಕಂಡುಹಿಡಿದವನೂ ಅವನೇ. ಕಸಾಯಿಖಾನೆಯಲ್ಲಿ ಅವನು ಕುರಿ ಕೊಯ್ಯುತ್ತಾನೆ, ನಾನು ಮಾಂಸ ಪರೀಕ್ಷಿಸಿ ಮೊಹರು ಹಾಕುತ್ತೇನೆ. ಅಕ್ಕನ ಗಂಡನೆಂದು ಎದುರಿಗೆ ಬಹುವಚನ ಕೊಡುತ್ತೇನೆ. ಬೆನ್ನ ಹಿಂದೆಯೂ ಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಕುರಿಯ ಲಿವರಿನಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳು ಕಂಡರೆ, ಯಾರೂ ಬಳಸಬಾರದೆಂದು ಅದರ ಮೇಲೆ ನೀಲಿ ಬಣ್ಣ ಸುರಿಯುತ್ತೇನೆ. ಅದನ್ನು ಹಿಂದಿನ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು ಭಾವನ ಕೆಲಸ. ಈ ಮಹಾಶಯ ಮಾಡಿದ್ದೇನೆಂದರೆ, ಬಣ್ಣವೇ ವಿಷವೆಂದು ತಿಳಿದು, ಲಿವರನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ಮನೆಗೆ ಒಯ್ದು ನಾಯಿಗೆ ಹಾಕಿದ. ಒಂದು ದಿನವಲ್ಲ, ವರ್ಷಗಟ್ಟಲೆ.

ಈಗ ಅಕ್ಕ ಆಸ್ಪತ್ರೆಯ ಮಂಚದ ಮೇಲಿದ್ದಾಳೆ. ಅವಳ ಲಿವರಿನಲ್ಲಿ ಮುಷ್ಟಿಗಾತ್ರದ ಅದೇ ಗುಳ್ಳೆ. ನಾಳೆ ಆಪರೇಷನ್. ತೆಗೆಯುವಾಗ ಒಡೆದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿ ಹೋದರು.

"ಅವಳು ಮಾಂಸಾನೇ ಮುಟ್ಟಲ್ಲ. ಕುರಿ ಕಾಯಿಲೆ ಅವಳಿಗೆ ಹೆಂಗೆ ಬರುತ್ತೆ?" ಎಂದ ಭಾವ, ಡಾಕ್ಟರಿಗೇ ಪಾಠ ಹೇಳುವ ಗತ್ತಿನಲ್ಲಿ.

ನನಗೆ ಮೈ ಉರಿದುಹೋಯಿತು. ಗುಳ್ಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ, ಅದರ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಿದ್ದು ಕೂದಲಿಗೆ ಅಂಟುತ್ತದೆ, ನಾಯಿಯನ್ನು ಮುದ್ದಿಸಿದ ಕೈಯಿಂದ ಬಾಯಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಿದೆ. ನಿಮ್ಮ ತಲೆಯೊಳಗೆ ಇರುವುದು ಮಿದುಳೋ ಮೂಳೆಯೋ ಭಾವ ಎಂದೂ ಕೇಳಿದೆ. ಅವನು ತಲೆ ತಗ್ಗಿಸಿದ. ಸುಳ್ಳೇಕೆ, ನನಗೆ ಖುಷಿಯಾಯಿತು.

ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ನಾಯಿ ಇನ್ನೂ ಮರಿ ಆಗಿದ್ದಾಗ ಒಂದ್ಸಲ ಅದರ ಮೂತಿಯೆಲ್ಲ ನೀಲಿಯಾಗಿತ್ತು. ನಾನು ಒರೆಸ್ತಿದ್ದೆ, ನೀನು ಊಟಕ್ಕೆ ಕೂತಿದ್ದೆ, ನೋಡಿ ನಕ್ಕೆ. ಆ ಬಣ್ಣ ಯಾವುದು ಅಂತ ನಿನಗೆ ಗೊತ್ತಿತ್ತಾ?"

ಗೊತ್ತಿತ್ತು. ತೊಳೆದರೂ ಉಳಿದ, ನಾನೇ ಸುರಿದ ಬಣ್ಣ ಅದು. ಅವತ್ತು ಬಾಯಿ ಬಿಟ್ಟಿದ್ದರೆ ನನ್ನ ತಪ್ಪೂ ಹೊರಬೀಳುತ್ತಿತ್ತು. ಹೂತದ್ದನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕಾದವನು ನಾನು. ಗುಂಡಿಯ ನಾತಕ್ಕೆ ಹೇಸಿ, ಕುರ್ಚಿಯಲ್ಲಿ ಕೂತೇ ದಿನವೂ ಸಹಿ ಹಾಕುತ್ತಿದ್ದೆ.

"ಗೊತ್ತಿತ್ತು, ಅಕ್ಕ" ಎಂದೆ.

ಭಾವ ತಲೆ ಎತ್ತಿದ. ಇಷ್ಟು ವರ್ಷ ನಾನು ಅವನನ್ನು ನೋಡುತ್ತಿದ್ದ ಹಾಗೆಯೇ ಅವನು ನನ್ನನ್ನು ನೋಡಿದ.